ಉಸಿರು ಬೇರೆ, ಉಸುರು ಬೇರೆ

ಬಂಗಾರಪೇಟೆಯಲ್ಲಿ ರೈಲು ಹತ್ತಿ ಊರಿಗಾಂನಲ್ಲಿ ಇಳಿಯಬೇಕಾದವಳು ಆ ದಿನ ಮಾರಿಕುಪ್ಪಂವರೆಗೂ ಹೋಗಿಬಿಟ್ಟೆ. ನಿದ್ದೆಯೇನೂ ಬಂದಿರಲಿಲ್ಲ, ಕಣ್ಣು ಬಿಟ್ಟೇ ಕೂತಿದ್ದೆ. ಕೋರಮಂಡಲ್ ಬಂತು, ಹೋಯಿತು. ಊರಿಗಾಂ ಬಂತು, ದಿನಾ ನನ್ನ ಜೊತೆ ಬರುವ ಹೆಂಗಸರೆಲ್ಲ ಇಳಿದರು. ಒಬ್ಬಳು ಪ್ಲಾಟ್‌ಫಾರ್ಮಿನಿಂದ ಕೈ ಬೀಸಿದಳು, ನಾನೂ ಬೀಸಿದೆ. ಕೊನೆಯ ನಿಲ್ದಾಣದಲ್ಲಿ ಗಾಡಿ ಖಾಲಿಯಾದ ಮೇಲೆ ಕಸ ಗುಡಿಸುವ ಹೆಂಗಸು ಬಂದು, "ಏನಮ್ಮಾ, ಇಲ್ಲೇ ಮನೆ ಮಾಡ್ಕೊಂಡು ಇದ್ಬುಡ್ತೀಯಾ?" ಎಂದಾಗಲೇ ನಾನು ಎಲ್ಲಿದ್ದೇನೆಂದು ನನಗೆ ತಿಳಿದದ್ದು. ಅದೇ ಗಾಡಿಯಲ್ಲಿ ಹಿಂದಕ್ಕೆ ಬಂದು ತಡವಾಗಿ ಡ್ಯೂಟಿಗೆ ಸೇರಿದೆ.

ನಾನು ಕೆಜಿಎಫ್‌ನ ಒಂದು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನರ್ಸ್. ಆ ಕಾಲಕ್ಕೆ ನಮ್ಮಲ್ಲಿ ಜನ ಕಮ್ಮಿಯಾಗಿದ್ದರು. ಒಬ್ಬಳು ತಾನೇ ಬಾಣಂತಿಯಾಗಿ ರಜೆಯಲ್ಲಿದ್ದಳು, ಇನ್ನೊಬ್ಬಳನ್ನು ಕೋಲಾರಕ್ಕೆ ಹಾಕಿದ್ದರು. ಅವರಿಬ್ಬರ ಪಾಳಿಯನ್ನು ಉಳಿದವರು ಹಂಚಿಕೊಂಡೆವು. ಹಂಚಿಕೊಂಡೆವು ಎನ್ನುವುದು ಮರ್ಯಾದೆಯ ಮಾತು. ಯಾರ ಬಾಯಲ್ಲಿ 'ಆಗಲ್ಲ' ಎನ್ನುವ ಶಬ್ದ ಬರಲಿಲ್ಲವೋ ಅವರ ತಲೆಯ ಮೇಲೆ ಬಿತ್ತು ಅಷ್ಟೇ. ನನ್ನ ಬಾಯಲ್ಲಿ ಬರಲಿಲ್ಲ.

ನನಗೆ ಆಗಿದ್ದನ್ನು ದಣಿವು ಎಂದು ಕರೆಯಲು ಮನಸ್ಸಿಲ್ಲ. ದಣಿವು ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ರಾಗಿ ಕೊಯ್ಲಿನ ದಿನ ಎಲ್ಲರೂ ದಣಿಯುತ್ತಾರೆ. ದಣಿದು, ಮುದ್ದೆ ಉಂಡು, ಬಿದ್ದುಕೊಂಡರೆ ಬೆಳಗ್ಗೆ ಹೊಸ ಮೈ. ಇದು ಹಾಗಲ್ಲ. ಕೈ ಕೆಲಸ ಮಾಡುತ್ತಿತ್ತು, ಬಾಯಿ ಮಾತಾಡುತ್ತಿತ್ತು, ಒಳಗೆ ಮಾತ್ರ ಯಾರೂ ಇರಲಿಲ್ಲ. ಹುಟ್ಟಿದ ಮಗುವಿನ ಮೊದಲ ಅಳು ಕೇಳಿದರೆ ಒಂದು ಕಾಲಕ್ಕೆ ನನ್ನ ತೋಳಿನ ಕೂದಲು ಎದ್ದು ನಿಲ್ಲುತ್ತಿತ್ತು. ಎಷ್ಟು ವರ್ಷ ಕಳೆದರೂ, ಎಷ್ಟು ಹೆರಿಗೆ ನೋಡಿದರೂ ಅದು ತಪ್ಪಿರಲಿಲ್ಲ. ಯಾರಿಗೂ ಹೇಳದೆ ನಾನು ಇಟ್ಟುಕೊಂಡಿದ್ದ ಸುಖ ಅದೊಂದೇ. ಈಗ ಅಳು ಕೇಳಿದರೆ, ಸರಿ, ಹೊಕ್ಕುಳುಬಳ್ಳಿಗೆ ಕ್ಲಿಪ್ ಎಲ್ಲಿ, ತೂಕದ ತಕ್ಕಡಿ ಎಲ್ಲಿ ಎಂದು ತಲೆ ಕೇಳುತ್ತಿತ್ತು. ಗಂಡಾದರೂ 'ಆಯ್ತು', ಹೆಣ್ಣಾದರೂ 'ಆಯ್ತು', ತಾಯಿ ಕೈ ಹಿಡಿದುಕೊಂಡು ಅತ್ತರೂ 'ಆಯ್ತು'.

ಮನೆಯಲ್ಲೂ ಅದೇ ಮಾತು. ನಮ್ಮತ್ತೆ ಒಂದು ಸಂಜೆ ಕುರಿ ಕಟ್ಟಿ ಬಂದು, ನನ್ನ ಎದುರಿಗೇ ಕೂತು ಹೇಳಿದರು: "ನಿನ್ ಬಾಯಾಗೆ ಆಯ್ತು ಬಿಟ್ರೆ ಬ್ಯಾರೆ ಮಾತೇ ಇಲ್ವಲ್ಲವ್ವಾ. ಏನಾಯ್ತು ಅಂತನಾದ್ರೂ ಏಳು. ಮೈಯೇನೋ ದಿನಾ ಮನೆಗೆ ಬತ್ತೈತೆ, ನೀನ್ಯಾವ ರೈಲಿಗೆ ಬತ್ತೀಯಾ?"

"ಆಯ್ತತ್ತೆ," ಎಂದೆ ನಾನು.

ಒಂದು ನಿರ್ಧಾರವನ್ನಂತೂ ಮಾಡಿಯಾಗಿತ್ತು. ಬಂಗಾರಪೇಟೆಯಲ್ಲಿ ನನ್ನ ಅಣ್ಣನದು ಔಷಧಿ ಅಂಗಡಿ. ದಸರಾ ಕಳೆದ ಮೇಲೆ ಕೆಲಸ ಬಿಟ್ಟು ಅಲ್ಲಿ ಹೋಗಿ ಕೂರುವುದು. ಮಾತ್ರೆಗಳು ಅಳುವುದಿಲ್ಲ, ರಕ್ತ ಸುರಿಸುವುದಿಲ್ಲ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಬಹುದು. ಗಂಡನೂ ಒಪ್ಪಿದ್ದರು. ಇದನ್ನು ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನಮ್ಮ ಇನ್‌ಚಾರ್ಜ್ ಸಿಸ್ಟರಿಗೂ ಕೂಡ.

ಇನ್‌ಚಾರ್ಜ್ ಸಿಸ್ಟರ್ ಎಂದರೆ ನಮ್ಮ ಹೆರಿಗೆ ಕೋಣೆಯ ಯಜಮಾನಿ. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಹುಟ್ಟಿದವರು. ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ, ಆಯಾ ಹತ್ತಿರ ತೆಲುಗು, ಸಿಟ್ಟು ಬಂದಾಗ ಮೂರೂ ಒಟ್ಟಿಗೆ. ಆ ದಿನ ನಾನು ತಡವಾಗಿ ಬಂದದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿ, "ರೈಲು ದಾರಿ ತಪ್ತಾ?" ಎಂದಷ್ಟೇ ಕೇಳಿ ಗ್ಲೌಸ್ ಕೈಗೆ ಕೊಟ್ಟರು.

ಮೇಜಿನ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿ. ಅವಳದೂ ಚಾಂಪಿಯನ್ ರೀಫ್ಸ್. ತಲೆಯ ಹತ್ತಿರ ಅವಳ ತಾಯಿ ನಿಂತಿದ್ದರು. ಮೊಮ್ಮಗು ಇನ್ನೂ ಹುಟ್ಟಿರದಿದ್ದರೂ ಇನ್‌ಚಾರ್ಜ್ ಸಿಸ್ಟರ್ ಆಗಲೇ ಅವರನ್ನು 'ಪಾಟಿ' ಎಂದು ಕರೆಯಲು ಶುರು ಮಾಡಿದ್ದರಿಂದ ನಮಗೆಲ್ಲ ಅವರು ಪಾಟಿಯೇ ಆದರು, ಎಂದರೆ ಅಜ್ಜಿ. ಮಗಳು ಕಿರುಚಿದಾಗಲೆಲ್ಲ ಪಾಟಿ ತಾವೂ ಹಲ್ಲು ಕಚ್ಚಿ ತಿಣುಕುತ್ತಿದ್ದರು. "ಪಾಟಿ, ನೀವು ಹೆತ್ತುಬಿಟ್ಟೀರಾ, ಬೆಡ್ ಒಂದೇ ಇರೋದು," ಎಂದು ಇನ್‌ಚಾರ್ಜ್ ಸಿಸ್ಟರ್ ತಮಾಷೆ ಮಾಡಿದರು. ಹುಡುಗಿ ಆ ನೋವಿನಲ್ಲೂ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ನಗುವ ಪರಿಸ್ಥಿತಿ ಉಳಿಯಲಿಲ್ಲ. ನೀರು ಒಡೆದಾಗ ಹಸಿರಾಗಿತ್ತು, ಮಗು ಒಳಗೇ ಮಲ ಮಾಡಿಕೊಂಡಿದೆ ಎಂದು ಅರ್ಥ. ತಲೆ ಕೆಳಗಿಳಿದಿತ್ತು, ಆದರೆ ಹೊರಗೆ ಬರುತ್ತಿರಲಿಲ್ಲ. ನೋವು ಬಂದಾಗಲೆಲ್ಲ ಮಗುವಿನ ಎದೆಬಡಿತ ಇಳಿಯುತ್ತಿತ್ತು. ಡಾಕ್ಟರಮ್ಮ ಬಂದರು, ಮಗುವಿನ ತಲೆಗೆ ವ್ಯಾಕ್ಯೂಮ್ ಕಪ್ ಹಾಕಿ ಎಳೆದರು. ಮಗು ಬಂತು. ಕುತ್ತಿಗೆಗೆ ಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು. ಗಂಡು ಮಗು. ಮೈ ನೀಲಿಬೂದು, ಕೈಕಾಲು ನೆನೆದ ಬಟ್ಟೆಯ ಹಾಗೆ ಜೋತಿದ್ದವು. ಅಳಲಿಲ್ಲ. ಬಳ್ಳಿ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಅದೇ ಹೊತ್ತಿಗೆ ತಾಯಿಗೆ ರಕ್ತ ಹರಿಯತೊಡಗಿ, ಡಾಕ್ಟರಮ್ಮ ಮತ್ತು ಇನ್‌ಚಾರ್ಜ್ ಸಿಸ್ಟರ್ ಇಬ್ಬರೂ ಅವಳ ಕಡೆ ತಿರುಗಿದರು. ಪಾಟಿಯನ್ನು ಆಯಾ ಬಾಗಿಲಿನ ಆಚೆಗೆ ಕಳಿಸಿದಳು. ಮಕ್ಕಳ ಡಾಕ್ಟರಿಗೆ ಫೋನ್ ಹೋಯಿತು. ಅವರು ರಾಬರ್ಟ್‌ಸನ್‌ಪೇಟೆಯಿಂದ ಬರಬೇಕಿತ್ತು. ಅಲ್ಲಿಯವರೆಗೆ ಮಗುವಿಗೆ ನಾನೇ, ನನಗೆ ಮಗುವೇ.

ಹುಟ್ಟಿದ ಮೊದಲ ನಿಮಿಷಕ್ಕೆ ನಮ್ಮ ತರಬೇತಿಯಲ್ಲಿ 'ಚಿನ್ನದ ನಿಮಿಷ' ಎಂದು ಹೆಸರು. ಉಸಿರಾಡದ ಮಗುವಿಗೆ ಆ ನಿಮಿಷ ಮುಗಿಯುವುದರೊಳಗೆ ಗಾಳಿ ಕೊಡಲು ಶುರು ಮಾಡಬೇಕು. ತರಬೇತಿಗೆ ಬಂದವರು ಕೆಜಿಎಫ್‌ನಲ್ಲಿ ನಿಂತು ಅದನ್ನು ಹೇಳಿದಾಗ, "ಇದೊಂದು ಚಿನ್ನ ಬಾಕಿ ಇತ್ತು ನೋಡಿ ಇಲ್ಲಿ," ಎಂದು ಇನ್‌ಚಾರ್ಜ್ ಸಿಸ್ಟರ್ ಗೊಣಗಿದ್ದರು. ನನ್ನ ಕೈಗಳಿಗೆ ಆ ಪಾಠ ಬಾಯಿಪಾಠವಾಗಿತ್ತು. ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿದೆ. ಒದ್ದೆ ಬಟ್ಟೆ ತೆಗೆದೆ. ಹೆಗಲ ಕೆಳಗೆ ಸುತ್ತಿದ ಬಟ್ಟೆ ಇಟ್ಟು ಗಂಟಲು ನೇರ ಮಾಡಿದೆ. ಬಾಯಿಂದ, ಆಮೇಲೆ ಮೂಗಿನಿಂದ ಲೋಳೆ ಎಳೆದೆ. ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಏನೂ ಇಲ್ಲ.

ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕ್ ಇಟ್ಟು, ಅದಕ್ಕೆ ಕೂಡಿಸಿದ ಗಾಳಿಯ ಬ್ಯಾಗ್ ಒತ್ತಿದೆ. ಎದೆ ಏಳಲಿಲ್ಲ. ಮಾಸ್ಕ್ ತೆಗೆದು ಮತ್ತೆ ಇಟ್ಟೆ, ತಲೆಯನ್ನು ಒಂದಿಷ್ಟು ಹಿಂದಕ್ಕೆ ಮಾಡಿದೆ, ಒತ್ತಿದೆ. ಏಳಲಿಲ್ಲ. ಇನ್ನೊಮ್ಮೆ ಲೋಳೆ ಎಳೆದು, ಬಾಯಿ ತುಸು ತೆರೆದು, ದವಡೆಯನ್ನು ಮುಂದಕ್ಕೆ ತಂದು ಒತ್ತಿದೆ. ಈ ಸಲ ಎದೆ ಎದ್ದಿತು, ಅಂಗೈಯಗಲದ ಎದೆ. ಒತ್ತು, ಬಿಡು, ಬಿಡು. ಒತ್ತು, ಬಿಡು, ಬಿಡು. ಲೆಕ್ಕ ತಪ್ಪಬಾರದೆಂದು ಇದನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ನಮ್ಮ ರೂಢಿ.

ಆಗ ಬಾಗಿಲಿನಿಂದ ಪಾಟಿಯ ದನಿ ಬಂತು. "ಸಿಸ್ಟರ್, ಉಸುರು ಇರುಕ್ಕಾ? ಪುಳ್ಳೆಕ್ಕಿ ಉಸುರು ಇರುಕ್ಕಾ?"

ಮಗುವಿಗೆ ಉಸಿರು ಇದೆಯಾ ಎಂದು ಕೇಳುತ್ತಿದ್ದಾರೆ. ನಾನು ಒಮ್ಮೆ ತಿರುಗಿ ನೋಡಿ, ನನಗೆ ಬರುವ ಆಸ್ಪತ್ರೆಯ ತಮಿಳಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಉಸುರು ಇಲ್ಲ. ಇರುಂಗ." ಉಸಿರು ಇನ್ನೂ ಬಂದಿಲ್ಲ, ಸ್ವಲ್ಪ ಇರಿ ಎಂದು. ಮತ್ತೆ ಮಗುವಿನ ಕಡೆ ತಿರುಗಿದೆ. ಬಾಗಿಲಲ್ಲಿ ಮತ್ತೆ ಸದ್ದಾಗಲಿಲ್ಲ. ಪುಣ್ಯಾತ್ಗಿತ್ತಿ, ಹೇಳಿದ ಮಾತು ಕೇಳಿ ಸುಮ್ಮನಾದರಲ್ಲ ಎಂದುಕೊಂಡೆ.

ಒಂದು ಕೈಯಲ್ಲಿ ಮಾಸ್ಕ್ ಹಿಡಿದು ಇನ್ನೊಂದರಲ್ಲಿ ಬ್ಯಾಗ್ ಒತ್ತುತ್ತಾ ಇದ್ದರೆ, ಬೆರಳುಗಳು ಮೊದಲು ನೋಯುತ್ತವೆ, ಆಮೇಲೆ ನೋವೂ ತಿಳಿಯುವುದಿಲ್ಲ. ಇದಕ್ಕೆ ನಮ್ಮಲ್ಲಿ 'ಕೈ ಬದಲು' ಎಂದು ಒಂದು ಕ್ರಮ. ಮೊದಲನೆಯವಳು ಕೈ ಬಿಟ್ಟು ಎರಡನೆಯವಳು ಹಿಡಿದರೆ ನಡುವೆ ಒಂದು ಉಸಿರು ತಪ್ಪುತ್ತದೆ. ಅದಕ್ಕೇ ಎರಡನೆಯವಳು ಬಂದು ಮೊದಲನೆಯವಳ ಕೈಯ ಮೇಲೇ ತನ್ನ ಕೈ ಇಡುತ್ತಾಳೆ. ಒಂದೆರಡು ಉಸಿರನ್ನು ಇಬ್ಬರೂ ಸೇರಿ ಒತ್ತುತ್ತಾರೆ. ಆಮೇಲೆ ಕೆಳಗಿನ ಕೈ ಜಾರಿಕೊಳ್ಳುತ್ತದೆ. ದಣಿದಿದ್ದೀಯಾ ಎಂದು ಯಾರೂ ಕೇಳುವುದಿಲ್ಲ, ಇಲ್ಲ ಎಂದು ಯಾರೂ ಸುಳ್ಳು ಹೇಳಬೇಕಾಗುವುದಿಲ್ಲ. ತಾಯಿಯ ರಕ್ತ ಹತೋಟಿಗೆ ಬರುತ್ತಿದ್ದ ಹಾಗೆ ಇನ್‌ಚಾರ್ಜ್ ಸಿಸ್ಟರ್ ಬಂದು ನನ್ನ ಕೈ ಮೇಲೆ ಕೈ ಇಟ್ಟರು. ನಾನು ಕೈ ಎಳೆದುಕೊಂಡು, ಹೊಕ್ಕುಳುಬಳ್ಳಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿದೆ.

ಅಲ್ಲಿ ಬಡಿಯುತ್ತಿತ್ತು. ಆಮೇಲೆ ಎಷ್ಟೋ ಸಲ ಇದನ್ನು ನೆನೆದಿದ್ದೇನೆ. ಉಸಿರಿಲ್ಲದ, ಅಳುವಿಲ್ಲದ, ಕಣ್ಣು ಬಿಡದ ಆ ನೀಲಿ ಮೈಯೊಳಗೆ ಒಂದು ಹೃದಯ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಮೊದಲು ನಿಧಾನವಾಗಿ, ಅಲ್ಲೊಂದು ಇಲ್ಲೊಂದು. ನಾವು ಗಾಳಿ ಒತ್ತಿದಷ್ಟೂ ಅದು ಚುರುಕಾಯಿತು. ಕೊನೆಗೆ ನನ್ನ ಬೆರಳಿಗೆ ಎಣಿಸಲಾಗದಷ್ಟು ವೇಗವಾಗಿ ಓಡಿತು. ಎದೆ ಮೊದಲು ಕೆಂಪಾಯಿತು, ಆಮೇಲೆ ತುಟಿ. ಆದರೂ ಉಸಿರಿಲ್ಲ. ನಾವು ಬ್ಯಾಗ್ ನಿಲ್ಲಿಸಿ ನೋಡಿದರೆ ಎದೆ ಸುಮ್ಮನೆ ಮಲಗಿರುತ್ತಿತ್ತು. ಮತ್ತೆ ಒತ್ತು, ಬಿಡು, ಬಿಡು. ಹಿಂದಿನಿಂದ ಇನ್ನೊಂದು ದನಿಯೂ ಅದನ್ನೇ ಹೇಳುತ್ತಿರುವುದು ಆಗ ಕೇಳಿಸಿತು. ತಿರುಗಿ ನೋಡಿದರೆ ಆ ಹುಡುಗಿ. ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದವಳು ಮೇಜಿನ ಮೇಲೆ ಮುಖ ಇತ್ತ ಹೊರಳಿಸಿ, ಮಗುವಿನಿಂದ ಕಣ್ಣು ಕೀಳದೆ, ಸಣ್ಣ ದನಿಯಲ್ಲಿ ನಮ್ಮ ಜೊತೆ ಹೇಳುತ್ತಿದ್ದಳು. ಒತ್ತು, ಬಿಡು, ಬಿಡು. ಅಷ್ಟು ಕನ್ನಡವನ್ನು ಅವಳು ಆಗತಾನೇ ನಮ್ಮಿಂದಲೇ ಕಲಿತ ಹಾಗಿತ್ತು.

ಮಗು ಒಮ್ಮೆ ಬಿಕ್ಕಿತು. ಬರೀ ಒಂದು ಬಿಕ್ಕು. ಇನ್‌ಚಾರ್ಜ್ ಸಿಸ್ಟರ್ ಕೈ ನಿಲ್ಲಿಸಲಿಲ್ಲ. ಇನ್ನೊಂದು ಬಿಕ್ಕು. ಆಮೇಲೆ ಎದೆ ತಾನಾಗಿಯೇ ಒಳಗೆ ಹೋಗಿ ಹೊರಗೆ ಬಂತು, ಮತ್ತೆ ಹೋಗಿ ಬಂತು. ಮುಖ ಸಿಂಡರಿಸಿಕೊಂಡು, ಯಾರ ಮೇಲೋ ಫಿರ್ಯಾದು ಕೊಡುವ ಹಾಗೆ ಅದು ಅಳತೊಡಗಿತು. ನಾನು ನನ್ನ ತೋಳು ನೋಡಿಕೊಂಡೆ. ಕೂದಲು ನಿಂತಿದ್ದವು. ಎಷ್ಟೋ ತಿಂಗಳ ಮೇಲೆ ನನಗೆ ಅಳು ಬಂತು, ನಾಚಿಕೆಯನ್ನೂ ಪಡದೆ ಅತ್ತೆ. ಹೊಟ್ಟೆಯೊಳಗಿನ ನೀರಿನಲ್ಲಿ ತೇಲುತ್ತಿದ್ದ ಜೀವ ಗಾಳಿಯನ್ನು ಹಿಡಿದುಕೊಂಡಿತಲ್ಲ! ಅದನ್ನು ಅದಕ್ಕೆ ಯಾರು ಕಲಿಸಿದರು? ನಾವಂತೂ ಅಲ್ಲ, ನಾವು ಅದು ಬರುವವರೆಗೆ ಅದರ ಬದಲಿಗೆ ಕೆಲಸ ಮಾಡಿದೆವು ಅಷ್ಟೇ.

ಮಕ್ಕಳ ಡಾಕ್ಟರು ಬಂದು ನೋಡಿದರು. ಸದ್ಯಕ್ಕೆ ಚೆನ್ನಾಗಿದೆ, ಆದರೆ ಇಡೀ ದಿನ ಕಣ್ಣಿಟ್ಟು ನೋಡಬೇಕು ಎಂದರು. ಮಕ್ಕಳ ವಾರ್ಡಿಗೆ ಒಯ್ಯುವ ಮೊದಲು ಅಜ್ಜಿಗೆ ಒಮ್ಮೆ ತೋರಿಸಿ ಬರುತ್ತೇನೆಂದು ನಾನೇ ಬೆಚ್ಚಗೆ ಸುತ್ತಿಕೊಂಡು ಹೊರಟೆ. ಅಷ್ಟು ಖುಷಿಯಲ್ಲಿ ನಾನು ಆ ಬಾಗಿಲು ದಾಟಿ ಎಷ್ಟು ಕಾಲವಾಗಿತ್ತೋ.

ಪಾಟಿ ಕಾರಿಡಾರಿನ ಕೊನೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರು. "ಪಾಟಿ, ಪೇರನ್! ಮೊಮ್ಮಗ ನೋಡಿ," ಎಂದು ನಾನು ಬಗ್ಗಿದೆ. ಅವರು ಮಗುವನ್ನು ನೋಡಿದರು, ನನ್ನನ್ನು ನೋಡಿದರು, ಕೈ ಮಾತ್ರ ಚಾಚಲಿಲ್ಲ.

"ಇದು ಎಂಗ ಪುಳ್ಳ ಇಲ್ಲ," ಎಂದರು.

ನಮ್ಮ ಮಗು ಅಲ್ಲವಂತೆ. ನನಗೆ ಅರ್ಥವೇ ಆಗಲಿಲ್ಲ. ನಿಮ್ಮದೇ ಎಂದೆ. ಪಾಟಿ ಎದ್ದು ನಿಂತರು. ದನಿ ಏರಿತು, ಕನ್ನಡಕ್ಕೆ ತಿರುಗಿತು. "ನಂದು ಓಯ್ತು ಅಂತ ನೀನೇ ಏಳ್ದೆ. ನಿನ್ ಬಾಯಿಂದಾನೇ ಏಳ್ದೆ. ಈಗ ಯಾರ ಮಗೂನೋ ತಂದು ನನ್ ಕೈಗಿಡ್ತೀಯಾ? ಅದ್ರ ತಾಯಿ ಹೊಟ್ಟೆ ಉರಿಯಲ್ವಾ? ಎಲ್ಲಿಂದ ತಂದ್ಯೋ ಅಲ್ಲೇ ಇಟ್ಬುಡಮ್ಮಾ. ಬ್ಯಾರೇರ ಉಸುರು ನಂಗೆ ಬ್ಯಾಡ."

ಪಕ್ಕದ ವಾರ್ಡಿನಲ್ಲಿ ಬೆಳಗ್ಗೆ ಹುಟ್ಟಿದ ಇನ್ನೊಂದು ಮಗು ಅಳುತ್ತಿತ್ತು. ಜನ ಸೇರಿದರು. ಮಗುವಿನ ಕಾಲಿಗೆ ತಾಯಿಯ ಹೆಸರಿನ ಪಟ್ಟಿ ಕಟ್ಟಿದ್ದೆವು ನಿಜ. ಆದರೆ ಅದನ್ನು ಕಟ್ಟಿದ್ದೂ ನಾವೇ ಅಲ್ಲವೇ. ಗುಂಪಿನಲ್ಲಿ ಯಾರೋ 'ಮಗು ಬದಲಾಯ್ತಂತೆ' ಎಂದರು. ಆ ಮಾತು ಹರಡಲು ಎಷ್ಟು ಹೊತ್ತು ಬೇಕು? ನಾನು ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಪಕ್ಕಕ್ಕೆ ಸರಿದೆ.

ಇನ್‌ಚಾರ್ಜ್ ಸಿಸ್ಟರ್ ಓಡಿ ಬಂದರು. ಪಾಟಿ ತಮಿಳಿನಲ್ಲಿ ಎಲ್ಲ ಹೇಳಿದರು. ಸಿಸ್ಟರ್ ಕೇಳುತ್ತಾ ಕೇಳುತ್ತಾ ಹಣೆಗೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದರು. "ಅಯ್ಯೋ ತಾಯೀ, ಅವ್ರು ಉಸುರು ಇದ್ಯಾ ಅಂದಿದ್ದಕ್ಕೆ ನೀನು ಇಲ್ಲ ಅಂದ್ಯಾ? ತಮಿಳಲ್ಲಿ ಉಸುರು ಅಂದ್ರೆ ಉಸಿರಲ್ಲ ಕಣೇ, ಪ್ರಾಣ! ಜೀವ! ಉಸಿರಿಗೆ ಮೂಚ್ಚು ಅನ್ಬೇಕು. ಮೂಚ್ಚು ಇಲ್ಲ, ಉಸುರು ಇರುಕ್ಕು ಅನ್ನೋದು ಬಿಟ್ಟು ಅವರ ಮೊಮ್ಮಗೂನ ಸಾಯಿಸ್ಬುಟ್ಟೆ ನೀನು."

ಇಷ್ಟು ವರ್ಷ ಈ ಊರಿನಲ್ಲಿ ಮೂರು ಭಾಷೆಯ ನಡುವೆ ಓಡಾಡಿದ್ದೇನೆ. ಉಸಿರು, ಉಸುರು, ಎರಡೂ ಒಂದೇ ಎಂದುಕೊಂಡೇ ಬಂದಿದ್ದೆ. ಯಾರೂ ತಿದ್ದಿರಲಿಲ್ಲ. ತಿದ್ದುವಂಥ ಸಂದರ್ಭ ಬಂದಿರಲಿಲ್ಲ.

ಸಿಸ್ಟರ್ ಪಾಟಿಯ ಕೈ ಹಿಡಿದು ಸೀದಾ ಒಳಗೆ ಕರೆದುಕೊಂಡು ಹೋದರು, ಮಗಳ ಮುಂದೆ ನಿಲ್ಲಿಸಿದರು. ನಾನು ಮಗುವನ್ನು ಹಿಡಿದು ಹಿಂದೆ ಹೋದೆ. ಹುಡುಗಿಗೆ ತಲೆ ಎತ್ತುವ ಶಕ್ತಿ ಇರಲಿಲ್ಲ. "ನಮ್ಮ ಪುಳ್ಳದಾಮ್ಮಾ," ಎಂದಳು. "ನಾನ್ ಪಾತ್ತುಕಿಟ್ಟೇ ಇರುಂದೇನ್." ನಮ್ಮದೇ ಅಮ್ಮ, ನಾನು ನೋಡುತ್ತಲೇ ಇದ್ದೆ. ಪಾಟಿ ಮಗುವಿನ ಮೂಗಿನ ಹತ್ತಿರ ಕೈಯ ಹಿಂಬದಿ ಹಿಡಿದರು. "ಮೂಚ್ಚು," ಎಂದರು. ಎದೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಹಾಗೇ ನಿಂತರು. "ಉಸುರು," ಎಂದರು. ಆಮೇಲೆ ಎತ್ತಿಕೊಂಡರು.

ಅಷ್ಟರಲ್ಲಿ ಪಾಟಿಯ ಮಗ, ಎಂದರೆ ಮಗುವಿನ ಸೋದರಮಾವ, ಕೈಯಲ್ಲಿ ಒಂದು ಪೊಟ್ಟಣ ಹಿಡಿದು ತಲೆ ತಗ್ಗಿಸಿ ಬಂದ. ಪಾಟಿ ಅವನನ್ನು ರಾಬರ್ಟ್‌ಸನ್‌ಪೇಟೆಗೆ ಕಳಿಸಿದ್ದರು, ಮಗುವನ್ನು ಮಣ್ಣು ಮಾಡಲು ಬೇಕಾದ ಬಿಳಿ ಬಟ್ಟೆಗೆ. ಅಳುವ ಮಗುವನ್ನು ಎತ್ತಿಕೊಂಡು ನಿಂತ ತನ್ನ ತಾಯಿಯನ್ನು ನೋಡಿ ಅವನು ಬಾಗಿಲಲ್ಲೇ ಕಂಬವಾದ. ಪಾಟಿ ಆ ಪೊಟ್ಟಣ ನೋಡಿದ್ದೇ, ಅದ್ಯಾಕೆ ಒಳಗೆ ತಂದೆ, ಎತ್ತಿಕೊಂಡು ಆಚೆ ಹೋಗು ಎಂದು ತಮಿಳಿನಲ್ಲಿ ಬೈದು ಅಟ್ಟಿದರು. ಅವನು ಬಟ್ಟೆ ಅಂಗಡಿಗೆ ಓಡಿದ. ಹೆಣಕ್ಕೆಂದು ಕತ್ತರಿಸಿದ ಬಟ್ಟೆ ವಾಪಸ್ಸು ಇಲ್ಲ ಎಂದು ಅಂಗಡಿಯವರು ಓಡಿಸಿದರು. ಮನೆಗೂ ಒಯ್ಯುವಂತಿಲ್ಲ, ಬೀದಿಗೆ ಎಸೆಯುವಂತೆಯೂ ಇಲ್ಲ. ಪಾಪ, ಅತ್ತ ದರಿ ಇತ್ತ ಪುಲಿ. ಸಂಜೆ ಅದನ್ನು ಹಿಡಿದುಕೊಂಡು ಮತ್ತೆ ನಮ್ಮ ಬಾಗಿಲಿಗೇ ಬಂದ. ಇನ್‌ಚಾರ್ಜ್ ಸಿಸ್ಟರ್ ಕಿತ್ತುಕೊಂಡರು. "ಕೊಡಿಲ್ಲಿ. ನಮ್ ಸ್ಟೀಮ್ ಮಿಷನ್‌ನಲ್ಲಿ ಬೇಯಿಸಿದ್ರೆ ಯಾವ ಬಟ್ಟೆಗೂ ಜಾತಕ ಉಳಿಯಲ್ಲ." ತುಂಡು ತುಂಡು ಮಾಡಿ, ಹುಟ್ಟಿದ ಮಕ್ಕಳನ್ನು ಒರೆಸುವ ಬಟ್ಟೆಗಳ ಜೊತೆ ಸೇರಿಸಿದರು.

ನಾನು ಪಾಟಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ನನಗೆ ತಮಿಳು ಸರಿಯಾಗಿ ಬಾರದು, ತಪ್ಪಾಗಿ ಹೇಳಿದೆ ಎಂದೆ. ಪಾಟಿ ಮಗುವನ್ನು ತಟ್ಟುತ್ತಲೇ ತಲೆ ಆಡಿಸಿದರು.

"ಮಾತು ಎಂಗಾನಾ ಇರ್ಲಮ್ಮಾ. ಬರೀ ಮಾತಾಗಿದ್ರೆ ನಾನು ಮತ್ತೆ ಕೇಳ್ತಿದ್ದೆ, ಜಗಳ ಆಡ್ತಿದ್ದೆ. ನಿನ್ ಮೊಖ ನೋಡ್ದೆ. ಅದ್ರಾಗೆ ಏನೂ ಇರ್ಲಿಲ್ಲ. ಅದ್ಕೇ ನಂಬ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕಂಡದ್ದನ್ನು ಹೇಳಿದರು. ನನ್ನ ಒಳಗೆ ಬತ್ತಿಹೋದದ್ದು ನನ್ನ ಸ್ವಂತ ವಿಷಯ, ನನ್ನ ಮನೆ, ನನ್ನ ರೈಲು, ನನ್ನ ಅಣ್ಣನ ಅಂಗಡಿ ಎಂದುಕೊಂಡಿದ್ದೆ. ಅದು ಮುಖದ ಮೇಲೆ ಬಂದು ಕೂತು ಒಬ್ಬ ಅಜ್ಜಿಗೆ ಸಾವಿನ ಸುದ್ದಿ ಹೇಳಿಬಿಟ್ಟಿತ್ತು.

ಪಾಳಿ ಮುಗಿಯುವ ಹೊತ್ತಿಗೆ ನಾನೂ ಇನ್‌ಚಾರ್ಜ್ ಸಿಸ್ಟರೂ ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಿದ್ದೆವು. ಕೆಲಸ ಬಿಡುತ್ತೇನೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ಸಿಸ್ಟರ್, ನನಗೆ ಕೈ ಬದಲು ಬೇಕು."

ಅವರು ನಲ್ಲಿ ನಿಲ್ಲಿಸಿದರು. ನಾನು ಎಲ್ಲ ಹೇಳಿದೆ. ನಿದ್ದೆಯಿಲ್ಲದ್ದು, ಮಾರಿಕುಪ್ಪಂವರೆಗೆ ಹೋದದ್ದು, ಅಂಗಡಿ, ಆಯ್ತು ಎನ್ನುವ ಆ ಮಾತು. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು. ಕೊನೆಗೆ, "ಈಗ ಕೇಳ್ತಿದ್ಯಲ್ಲಾ, ಪುಣ್ಯಾತ್ಗಿತ್ತಿ," ಎಂದರು. "ಬ್ಯಾಗ್ ಒತ್ತೋವಾಗ ನಿನ್ ಕೈ ನಡುಗೋದು ನಂಗೆ ಕಾಣುತ್ತೆ, ಬಂದು ಹಿಡೀತೀನಿ. ಇದು ನಂಗೆ ಹೆಂಗೆ ಕಾಣ್ಬೇಕು? ಕೆಲಸ ಬಿಡೋದು ಓಡೋಗಲ್ಲ, ಯಾವಾಗ ಬೇಕಾದ್ರೂ ಬಿಡ್ಬೋದು. ಮೊದ್ಲು ಕೈ ಬದಲು ಮಾಡಣ."

ಅದು ಅಂದುಕೊಂಡಷ್ಟು ಸಲೀಸಾಗಿ ಆಗಲಿಲ್ಲ. ಜನ ಕಮ್ಮಿ ಇರುವಾಗ ಒಬ್ಬಳನ್ನು ಬಿಡುವುದು ಹೇಗೆ ಎಂದು ಮೇಲಿನವರು ಕೇಳಿದರು. ಸಿಸ್ಟರ್ ಮೂರೂ ಭಾಷೆಯಲ್ಲಿ ಜಗಳ ಆಡಿ ಕೋಲಾರಕ್ಕೆ ಹಾಕಿದ್ದವಳನ್ನೇ ವಾಪಸ್ಸು ತರಿಸಿದರು. ನನ್ನನ್ನು ಕೆಲವು ತಿಂಗಳ ಮಟ್ಟಿಗೆ ಮಕ್ಕಳ ಚುಚ್ಚುಮದ್ದಿನ ಕೋಣೆಗೆ ಹಾಕಿದರು. ಹಗಲು ಪಾಳಿ ಮಾತ್ರ. ನಿದ್ದೆಗೆ ಡಾಕ್ಟರನ್ನು ಕಂಡೆ. ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ವಾರಕ್ಕೊಮ್ಮೆ ಕೂತು ಮಾತಾಡಿದೆ. ಮೊದಮೊದಲು ಇನ್ನೂ ಕೆಟ್ಟದಾಯಿತು. ನಿಂತ ಮೇಲೆ ಗೊತ್ತಾಗುತ್ತದೆ ಎಷ್ಟು ಓಡಿದ್ದೇವೆಂದು. ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಭಾನುವಾರವಿಡೀ ಮಲಗಿರುತ್ತಿದ್ದೆ. ಹೆರಿಗೆ ಕೋಣೆಯ ಮುಂದೆ ಹಾದುಹೋಗುವಾಗ, ಜೊತೆಯವರಿಗೆಲ್ಲ ಕೈ ಕೊಟ್ಟು ಬಂದವಳು ನಾನು ಎಂದು ತಲೆ ತಗ್ಗಿಸುತ್ತಿದ್ದೆ. ಅದನ್ನು ಕಂಡ ಸಿಸ್ಟರ್ ಒಮ್ಮೆ ಅಡ್ಡ ನಿಂತು, "ಕೈ ಕೊಡೋದು ಬೇರೆ, ಕೈ ಬದಲು ಬೇರೆ. ನಿಂಗೆ ಕನ್ನಡಾನೂ ಬರಲ್ವಾ?" ಎಂದರು.

ನಿಧಾನವಾಗಿ ಕೆಲವು ಹಿಂದಿರುಗಿದವು. ಹಸಿವು ಬಂತು. ರೈಲಿನ ಕಿಟಕಿಯಾಚೆ ಗಣಿಯ ಬಿಳಿ ಮಣ್ಣಿನ ಗುಡ್ಡಗಳ ಮೇಲೆ ಬಿಸಿಲು ಬಿದ್ದದ್ದು ಕಂಡಿತು. ಒಂದು ಸಂಜೆ ಅತ್ತೆಯ ಜೊತೆ ಯಾವುದೋ ಕುರಿಮರಿಯ ವಿಷಯಕ್ಕೆ ಜಗಳ ಆಡಿದೆ. ಅತ್ತೆ ಜಗಳ ಆಡುತ್ತಲೇ, "ಬಂದ್ಲು ಕಣ್ಲಾ ನಮ್ ಸೊಸೆ," ಎಂದು ಮಗನಿಗೆ ಕೂಗಿ ಹೇಳಿದರು.

ಹೆರಿಗೆ ಕೋಣೆಯಲ್ಲಿ ಆ ಘಟನೆಯಿಂದ ಒಂದು ಹೊಸ ಕಟ್ಟಳೆ ಬಂದಿತ್ತು. ಮಗುವಿಗೆ ಬ್ಯಾಗ್ ಹಿಡಿದವಳು ಮನೆಯವರಿಗೆ ಉತ್ತರ ಕೊಡಬಾರದು. ಬೇರೊಬ್ಬಳು, ಅವರ ಭಾಷೆ ಬಲ್ಲವಳು, ಬಾಗಿಲಿಗೆ ಹೋಗಿ ಅವರ ಪಕ್ಕದಲ್ಲಿ ನಿಲ್ಲಬೇಕು, ಅವರ ಮುಖ ನೋಡಿ ಮಾತಾಡಬೇಕು. ಎಷ್ಟೇ ಜನ ಕಮ್ಮಿ ಇದ್ದರೂ ಅದಕ್ಕೊಬ್ಬರು ಬೇಕೇ ಬೇಕು ಎಂದು ಇನ್‌ಚಾರ್ಜ್ ಸಿಸ್ಟರ್ ಹಟ ಹಿಡಿದು ನಡೆಸಿದರು.

ನನ್ನ ಅವಧಿ ಮುಗಿಯುತ್ತಾ ಬಂದಿತ್ತು. ವಾಪಸ್ಸು ಹೋಗುತ್ತೀಯಾ, ಅಂಗಡಿಗೆ ಹೋಗುತ್ತೀಯಾ ಎಂದು ಸಿಸ್ಟರ್ ಕೇಳಿದ್ದರು. ನಾನು ಉತ್ತರ ಕೊಟ್ಟಿರಲಿಲ್ಲ. ಹೋದ ಬೆರಗು ನಿಜವಾಗಿ ಬಂದಿದೆಯೋ, ಅಂದು ಒಂದು ದಿನ ಮಿಂಚಿ ಹೋಯಿತೋ, ಹೇಳಲು ನನಗೇ ಧೈರ್ಯವಿರಲಿಲ್ಲ.

ಆ ವಾರ ಚುಚ್ಚುಮದ್ದಿನ ಸಾಲಿನಲ್ಲಿ ಪಾಟಿ ಬಂದು ನಿಂತಿದ್ದರು, ಮಗಳು ಪಕ್ಕದಲ್ಲಿ. ಮೂರೂವರೆ ತಿಂಗಳ ಸೂಜಿ. ಮೊದಲಿನ ಎರಡು ಸಲವೂ ನಾನು ರಜೆಯಲ್ಲಿದ್ದ ದಿನ ಬಂದು ಹೋಗಿದ್ದರಂತೆ. ಮಗು ಪಾಟಿಯ ತೋಳಿನಲ್ಲಿ ದುಂಡಗೆ ಕೂತು ನನ್ನ ಮುಖವನ್ನು ಗಂಭೀರವಾಗಿ ಪರೀಕ್ಷಿಸಿತು. ಕುತ್ತಿಗೆ ನಿಂತಿತ್ತು. ಕಣ್ಣು ದನಿ ಬಂದ ಕಡೆಗೆಲ್ಲ ತಿರುಗುತ್ತಿತ್ತು. ನಾನು ಅದರ ಹಿಡಿಯೊಳಗೆ ಬೆರಳು ಇಟ್ಟರೆ ಬಿಗಿಯಾಗಿ ಹಿಡಿಯಿತು, ಬಿಡಲೊಲ್ಲದು.

ಪಾಟಿ ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದರು. ನಾನು ಸೂಜಿ ಹಾಕಿದೆ.

ಎಳೆಯ ಮಕ್ಕಳು ನೋವಾದ ತಕ್ಷಣ ಅಳುವುದಿಲ್ಲ. ಬಾಯಿ ಅಗಲ ತೆರೆಯುತ್ತವೆ, ಮುಖ ಕೆಂಪಾಗುತ್ತದೆ, ಉಸಿರು ಕಟ್ಟಿ ನಿಂತುಬಿಡುತ್ತದೆ. ಇವನೂ ಹಾಗೇ ನಿಂತ. ಹುಡುಗಿ ಮುಂದಕ್ಕೆ ಬಗ್ಗಿದಳು. ನನ್ನ ಕೈ ತಾನಾಗಿಯೇ ಅವನ ಎದೆಯ ಕಡೆ ಹೋಯಿತು. ಅಂಗೈ ಕೆಳಗೆ ಹೃದಯ ಓಡುತ್ತಿತ್ತು.

ಪಾಟಿ ಮಗುವನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನು ನೋಡುತ್ತಿದ್ದರು. ನೋಡಿ, ಎಲೆ ಅಡಿಕೆ ಹಾಕಿದ ಕೆಂಪು ಬಾಯಿ ಅಗಲಿಸಿ ನಕ್ಕರು.

"ಮೂಚ್ಚು ಇಲ್ಲ, ಸಿಸ್ಟರ್," ಎಂದರು. "ಉಸುರು ಇರುಕ್ಕು. ಇರುಂಗ."

ಮಗು ಉಸಿರೆಳೆದುಕೊಂಡು ಕೋಣೆ ಹಾರಿಹೋಗುವ ಹಾಗೆ ಕಿರುಚಿತು. ಅದಕ್ಕೆ ಸಾಲಿನಲ್ಲಿದ್ದ ಮಕ್ಕಳೆಲ್ಲ ದನಿಗೂಡಿಸಿದವು. ನಾನು ನಗುತ್ತಿದ್ದೆ, ತೋಳಿನ ಕೂದಲು ಎದ್ದು ನಿಂತಿದ್ದವು. ಸಾಲು ಕರಗಿದ ಮೇಲೆ ಕೈ ತೊಳೆದುಕೊಂಡು, ಸೋಮವಾರದಿಂದ ಬರುತ್ತೇನೆಂದು ಹೇಳಲು ಹೆರಿಗೆ ಕೋಣೆಯ ಕಡೆ ನಡೆದೆ.